ಊಟ, ಚಟ ಮತ್ತು ಕ್ಯಾನ್ಸರ್: ಹಾಲು ಉತ್ಪಾದಕರು ತಿಳಿದಿರಬೇಕಾದ ಕೆಲವು ಸಂಗತಿಗಳು



ಹಾಲು ಕರೆಯುವ ಮೊದಲು ಕೆಚ್ಚಲನ್ನು ಮುಟ್ಟಿ ನೋಡಬೇಕು, ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಬಟ್ಟಲಿಗೆ ಕರೆದು ಗರಣೆ ಇದೆಯೇ, ರಕ್ತದ ಬಣ್ಣವಿದೆಯೇ ಎಂದು ಪರೀಕ್ಷಿಸಬೇಕು ಎಂದು ಈ ಪತ್ರಿಕೆಯಲ್ಲಿ ಅನೇಕ ಸಲ ಬರೆದಿದ್ದೇವೆ. ನಿಮ್ಮಲ್ಲಿ ಬಹುಪಾಲು ಮಂದಿ ಅದನ್ನು ತಪ್ಪದೆ ಪಾಲಿಸುತ್ತಲೂ ಇದ್ದೀರಿ. ಕೆಚ್ಚಲು ಬಾವನ್ನು ಮೊದಲ ದಿನವೇ ಗುರುತಿಸಿದರೆ ಗುಣವಾಗುತ್ತದೆ, ತಡವಾದರೆ ಮೊಲೆ ಕೆಡುತ್ತದೆ ಎಂಬುದು ನಿಮಗೆ ಅನುಭವದಿಂದ ತಿಳಿದಿರುವ ವಿಷಯ. ಆದರೆ ಹಸುವಿನ ಕೆಚ್ಚಲನ್ನು ದಿನಕ್ಕೆ ಎರಡು ಸಲ ನೋಡುವ ನಾವು ನಮ್ಮದೇ ಬಾಯಿಯೊಳಗೆ ವರ್ಷಕ್ಕೊಮ್ಮೆಯೂ ನೋಡಿಕೊಳ್ಳುವುದಿಲ್ಲ.

ದನಗಳ ಡಾಕ್ಟರಿಗೆ ಜನಗಳ ರೋಗದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಕ್ಯಾನ್ಸರ್ ಬರುವ ದಾರಿಗಳಲ್ಲಿ ಒಂದು ನಮ್ಮ ಎಲೆ ಅಡಿಕೆಯ ಚೀಲದಿಂದ ಹೊರಟರೆ, ಇನ್ನೊಂದು ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿರುವ ಹಿಂಡಿ ಮೂಟೆಯಿಂದ ಹೊರಡುತ್ತದೆ. ಎರಡನೆಯದು ನಮ್ಮ ಒಕ್ಕೂಟದ ಹಾಲಿಗೂ ಸಂಬಂಧಪಟ್ಟದ್ದು. ಹೀಗಾಗಿ ಎರಡನ್ನೂ ಇಲ್ಲಿ ಸ್ವಲ್ಪ ವಿವರವಾಗಿಯೇ ತಿಳಿಸುತ್ತೇನೆ.

ಕ್ಯಾನ್ಸರ್ ಎಂದರೇನು?

ನಮ್ಮ ಶರೀರವು ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಹಳೆಯ ಕೋಶ ಸತ್ತ ಜಾಗಕ್ಕೆ ಹೊಸ ಕೋಶ ಬರುತ್ತಿರುತ್ತದೆ. ಎಷ್ಟು ಬೇಕೋ ಅಷ್ಟೇ ಬೆಳೆದು ನಿಲ್ಲಬೇಕೆಂಬ ಕಟ್ಟುಪಾಡು ಪ್ರತಿ ಕೋಶದೊಳಗೂ ಇರುತ್ತದೆ. ಕೆಲವು ರಾಸಾಯನಿಕಗಳು, ಕೆಲವು ವೈರಸ್‌ಗಳು ವರ್ಷಾನುಗಟ್ಟಲೆ ಕೋಶಕ್ಕೆ ಪೆಟ್ಟು ಕೊಡುತ್ತಾ ಹೋದರೆ ಈ ಕಟ್ಟುಪಾಡು ಮುರಿಯುತ್ತದೆ. ಕೋಶಗಳು ಲೆಕ್ಕವಿಲ್ಲದೆ ಬೆಳೆದು ಗಂತಿಯಾಗಿ, ನಂತರ ಬೇರೆ ಅಂಗಗಳಿಗೂ ಹರಡುತ್ತವೆ. ಇದೇ ಕ್ಯಾನ್ಸರ್ ಅಥವಾ ಅರ್ಬುದ ರೋಗ. ಇದು ಅಂಟುಜಾಡ್ಯವಲ್ಲ. ಹಿಂದಿನ ಜನ್ಮದ ಕರ್ಮವೂ ಅಲ್ಲ. ರೋಗಿಯ ತಟ್ಟೆ ಲೋಟವನ್ನು ಬೇರೆ ಇಡುವ ಅಗತ್ಯ ಖಂಡಿತ ಇಲ್ಲ.

ಪೆಟ್ಟು ಬಿದ್ದ ದಿನಕ್ಕೂ ರೋಗ ಕಾಣಿಸುವ ದಿನಕ್ಕೂ ನಡುವೆ ಹತ್ತು, ಇಪ್ಪತ್ತು ವರ್ಷಗಳೇ ಕಳೆಯುತ್ತವೆ. ಹಾಗಾಗಿಯೇ ಜನರು ಕಾರಣವನ್ನು ನಂಬುವುದಿಲ್ಲ. ಜೋಳದ ಎಳೆ ಗರಿ ತಿಂದ ಹಸು ಅರ್ಧ ಗಂಟೆಯಲ್ಲಿ ಬಿದ್ದರೆ ಕಾರಣ ಎಲ್ಲರಿಗೂ ಗೊತ್ತಾಗುತ್ತದೆ. ಇಪ್ಪತ್ತನೇ ವಯಸ್ಸಿನಲ್ಲಿ ಹಿಡಿದ ಚಟ ನಲವತ್ತೈದರಲ್ಲಿ ಫಲ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ದನಗಳಲ್ಲೂ ಇದಕ್ಕೆ ಉದಾಹರಣೆ ಇದೆ. ನೀಲಗಿರಿ ಮತ್ತು ಹಿಮಾಲಯದ ತಪ್ಪಲಿನ ಗುಡ್ಡಗಳಲ್ಲಿ ಬ್ರಾಕೆನ್ ಎಂಬ ಜಾತಿಯ ಜರಿಗಿಡವನ್ನು ವರ್ಷಗಟ್ಟಲೆ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುತ್ತದೆ. ಉಣ್ಣೆಯಿಂದ ಬರುವ ಕೆಂಪು ಮೂತ್ರದ ಜ್ವರ ಬೇರೆ, ಇದು ಬೇರೆ. ಇಲ್ಲಿ ಮೂತ್ರಕೋಶದ ಒಳಗೆ ಕ್ಯಾನ್ಸರ್ ಗಂತಿಗಳು ಬೆಳೆದಿರುತ್ತವೆ. ಮೇವಿಗೂ ಕ್ಯಾನ್ಸರಿಗೂ ಸಂಬಂಧ ಉಂಟು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಪಶುವೈದ್ಯರಿಗೆ ಬೇಕಿಲ್ಲ.

ಮನುಷ್ಯರ ವಿಷಯದಲ್ಲಿ 1981ರಲ್ಲಿ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೆಟೊ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಅಮೆರಿಕದ ಕ್ಯಾನ್ಸರ್ ಸಾವುಗಳ ಲೆಕ್ಕ ಹಾಕಿದರು. ಶೇಕಡ 30ರಷ್ಟು ಸಾವುಗಳಿಗೆ ತಂಬಾಕು ಕಾರಣ, ಸುಮಾರು ಶೇಕಡ 35ಕ್ಕೆ ಆಹಾರ ಕ್ರಮ ಕಾರಣ ಎಂದು ಅಂದಾಜು ಮಾಡಿದರು. ತಂಬಾಕಿನ ಲೆಕ್ಕ ಗಟ್ಟಿ, ಆಹಾರದ ಲೆಕ್ಕ ಸಡಿಲ ಎಂದು ಅವರೇ ಹೇಳಿದ್ದರು. ಕ್ಯಾನ್ಸರ್‌ಗಳಲ್ಲಿ ಶೇಕಡ 30ರಿಂದ 50ರಷ್ಟನ್ನು ತಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಆದರೆ ಅಮೆರಿಕದವರ ಊಟ ನಮ್ಮ ಊಟವಲ್ಲ, ಅವರ ಚಟವೂ ನಮ್ಮ ಚಟವಲ್ಲ. ನಮ್ಮ ಹಳ್ಳಿಗಳ ಲೆಕ್ಕವನ್ನು ಬಾಯಿಯಿಂದಲೇ ಆರಂಭಿಸಬೇಕು.

ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು

ಬೀಡಿ ಸಿಗರೇಟಿನಿಂದ ಶ್ವಾಸಕೋಶ, ಗಂಟಲು, ಅನ್ನನಾಳ, ಮೂತ್ರಕೋಶಗಳ ಕ್ಯಾನ್ಸರ್ ಬರುತ್ತದೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. "ನಾನು ಬೀಡಿ ಸೇದುವುದಿಲ್ಲ, ಒಂದಿಷ್ಟು ಎಲೆ ಅಡಿಕೆ ಹಾಕುತ್ತೇನೆ ಅಷ್ಟೆ" ಎನ್ನುವವರೇ ನಮ್ಮಲ್ಲಿ ಹೆಚ್ಚು. ಹೊಗೆಸೊಪ್ಪಾಗಲಿ, ಕಡ್ಡಿಪುಡಿಯಾಗಲಿ, ಗುಟ್ಕಾ ಆಗಲಿ, ಅಗಿದು ದವಡೆಗೆ ಒತ್ತಿಟ್ಟ ತಂಬಾಕು ಸೇದಿದ ತಂಬಾಕಿನಂತೆಯೇ ಕ್ಯಾನ್ಸರ್ ತರುತ್ತದೆ. ತಂಬಾಕನ್ನು ಒಣಗಿಸಿ ಹದ ಮಾಡುವಾಗ ಅದರಲ್ಲಿ ನೈಟ್ರೋಸಮೈನ್ ಎಂಬ ವಿಷಗಳು ಹುಟ್ಟುತ್ತವೆ. ಅಗಿಯುವಾಗ ಇವು ಎಂಜಲಿನಲ್ಲಿ ಕರಗಿ ಕೆನ್ನೆಯ ಒಳಪದರಕ್ಕೆ ಇಳಿಯುತ್ತವೆ. ಸುಣ್ಣ ಸೇರಿಸಿದಾಗ ನಿಕೋಟಿನ್ ಬೇಗ ರಕ್ತಕ್ಕೆ ಸೇರಿ ಚಟ ಬಿಗಿಯುತ್ತದೆ. ಸುಣ್ಣವು ಬಾಯಿಯ ತೊಗಲನ್ನೂ ಸುಡುತ್ತದೆ.

ಯಾವ ಕಡೆ ಉಂಡೆ ಇಡುವ ಅಭ್ಯಾಸವಿದೆಯೋ ಬಹುಮಟ್ಟಿಗೆ ಅದೇ ಕಡೆ ಹುಣ್ಣು ಏಳುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ರಾತ್ರಿ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ನಮ್ಮ ಹೆಣ್ಣುಮಕ್ಕಳಲ್ಲಿ ಬೀಡಿ ಸೇದುವವರು ವಿರಳ, ಆದರೆ ಹೊಗೆಸೊಪ್ಪು ಹಾಕುವವರು ಬಹಳ. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಹಿಂದಿನ ವರ್ಷಗಳ ವರದಿಗಳಲ್ಲಿ ಮಹಿಳೆಯರ ಬಾಯಿ ಕ್ಯಾನ್ಸರ್ ಎದ್ದು ಕಾಣುತ್ತಿದ್ದುದು ಈ ಕಾರಣದಿಂದಲೇ.

ಇನ್ನು ಅಡಿಕೆಯ ವಿಷಯ. ಇದನ್ನು ಬರೆಯುವಾಗ ನನಗೂ ಸಂಕೋಚವಾಗುತ್ತದೆ, ಏಕೆಂದರೆ ನಿಮ್ಮಲ್ಲಿ ಅನೇಕರಿಗೆ ತೋಟವಿದೆ. ಹಾಲಿನ ಹಣದಿಂದ ತೋಟ, ತೋಟದ ಹಣದಿಂದ ಹಸು ಎಂದು ಬದುಕು ಸಾಗಿಸುವ ಕುಟುಂಬಗಳು ಎಷ್ಟೋ ಇವೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2003ರಲ್ಲಿ ತಜ್ಞರನ್ನು ಸೇರಿಸಿ ಪರಿಶೀಲಿಸಿ, ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ, ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪೂಜೆಗೆ, ತಾಂಬೂಲಕ್ಕೆ, ಮದುವೆಯ ಮನೆಗೆ ಅಡಿಕೆ ಬೇಕು, ಅದಕ್ಕೆ ಯಾರದೂ ಅಡ್ಡಿಯಿಲ್ಲ. ಹಬ್ಬದ ದಿನ ಒಂದು ಎಲೆ ಹಾಕುವುದು ಬೇರೆ, ದಿನಕ್ಕೆ ಹತ್ತು ಸಲ ಬಾಯಿ ತುಂಬಿಕೊಳ್ಳುವುದು ಬೇರೆ.

ಗುಟ್ಕಾ ಬಂದ ಮೇಲೆ ಈ ಕಷ್ಟ ಹುಡುಗರಿಗೂ ಇಳಿಯಿತು. ಅಡಿಕೆ ಚೂರು ಮತ್ತು ತಂಬಾಕು ಒಂದೇ ಪೊಟ್ಟಣದಲ್ಲಿ ಸೇರಿರುವುದರಿಂದ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಾಯಿ ಬರಿದಾಗುವುದೇ ಇಲ್ಲ. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಕೊಡತೊಡಗಿದರು. ಹುಡುಗರು ಅಂಗೈಯಲ್ಲೇ ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಕಾಯಿದೆಯ ಕಥೆ ಹೀಗೆ.

ಅಡಿಕೆಯನ್ನು ಸದಾ ಅಗಿಯುವವರಿಗೆ ಬಾಯಿ ಬಿಗಿಯುವ ರೋಗವೊಂದು ಬರುತ್ತದೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಅನಂತರ ಕೆನ್ನೆಯ ಒಳಭಾಗ ಬೆಳ್ಳಗಾಗಿ ಹಗ್ಗ ಎಳೆದಂತೆ ಗಟ್ಟಿಯಾಗುತ್ತದೆ. ಕೊನೆಗೆ ತುತ್ತು ಇಡುವಷ್ಟೂ ಬಾಯಿ ತೆರೆಯುವುದಿಲ್ಲ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ನಿಮ್ಮ ಮನೆಯ ಹುಡುಗನಿಗೆ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟುಕೊಳ್ಳಲು ಹೇಳಿ. ಹಿಡಿಸದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ಬಾಯಿಯನ್ನು ನೋಡಿಕೊಳ್ಳುವ ಕ್ರಮ

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿ ಹಿಡಿದು ಬೆಳಕಿಗೆ ನಿಲ್ಲಿ. ಎರಡು ಕೆನ್ನೆಗಳ ಒಳಭಾಗ, ತುಟಿಯ ಒಳಭಾಗ, ವಸಡು, ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ ಇವನ್ನೆಲ್ಲ ನೋಡಿ ಬೆರಳಿನಿಂದ ಸವರಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚು ಅಪಾಯದ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಗಟ್ಟಿಯಾದ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗೆಡ್ಡೆ, ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬಾರದು. ಮೊದಮೊದಲು ಈ ಹುಣ್ಣು ನೋಯುವುದೇ ಇಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ಅನಾಹುತಕ್ಕೆ ದಾರಿ.

ನೋಡಿಕೊಳ್ಳುವುದರಿಂದ ನಿಜವಾಗಿ ಲಾಭವಿದೆಯೇ? ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ಯಂತ್ರವಿಲ್ಲ, ಔಷಧಿಯಿಲ್ಲ, ಕಣ್ಣೇ ಸಾಧನ. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿತ್ತು.

ಚಟ ಬಿಡಲು ಮನಸ್ಸಿದ್ದು ಆಗದವರಿಗೆ ಸರ್ಕಾರದ ಉಚಿತ ದೂರವಾಣಿ ಸಲಹೆ ಇದೆ. 1800-11-2356 ಎಂಬ ಈ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡುತ್ತಾರೆ. ಬಿಟ್ಟ ಮೊದಲ ಎರಡು ವಾರ ತಲೆನೋವು, ಸಿಡಿಮಿಡಿ ಇದ್ದೇ ಇರುತ್ತದೆ. ಆ ದಿನಗಳಲ್ಲಿ ಮನೆಯವರು ಸ್ವಲ್ಪ ಸಹಿಸಿಕೊಳ್ಳಬೇಕು. ಬಾಯಿಗೆ ಏನಾದರೂ ಬೇಕೆನಿಸಿದಾಗ ಸೋಂಪು, ಏಲಕ್ಕಿ, ಒಂದು ಲವಂಗ ಸಾಕು.

ಬೂಷ್ಟು ಹಿಡಿದ ಹಿಂಡಿ

ಈಗ ಕೊಟ್ಟಿಗೆಗೆ ಬರೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಹುಡುಕುತ್ತಾ ಹೋದಾಗ ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದಿದ್ದುದೂ, ಆ ಬೂಷ್ಟು ವಿಷವನ್ನು ಬಿಟ್ಟಿದ್ದುದೂ ತಿಳಿದುಬಂತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಪ್ರಕೃತಿಯಲ್ಲಿ ತಾನಾಗಿ ಹುಟ್ಟುವ ವಸ್ತುಗಳಲ್ಲಿ ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ಕ್ಯಾನ್ಸರನ್ನು ಇಷ್ಟು ಬಲವಾಗಿ ತರುವುದು ಬೇರೆ ಹೆಚ್ಚಿಲ್ಲ.

ನಮ್ಮ ದೇಶದಲ್ಲೂ ಇದರ ರುದ್ರರೂಪ ಕಂಡಿದ್ದೇವೆ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸವಾಡ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದ ಬಡಜನರಿಗೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಊಟ ತಿಂದ ಊರಿನ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಪರೀಕ್ಷಿಸಿ ಅಫ್ಲಾಟಾಕ್ಸಿನ್ನೇ ಕಾರಣವೆಂದು ಕಂಡುಹಿಡಿದರು. ಅದು ಒಮ್ಮೆಗೇ ಹೆಚ್ಚು ವಿಷ ಹೊಕ್ಕಿದ್ದರ ಫಲ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಕ್ಕರೆ ಆಗುವುದು ಕ್ಯಾನ್ಸರ್. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ಸೋಂಕು ಇರುವವರಿಗೆ ಈ ವಿಷವೂ ಸೇರಿದರೆ ಅಪಾಯ ಕೂಡಿಕೊಳ್ಳುವುದಲ್ಲ, ಗುಣಿಸಿಕೊಳ್ಳುತ್ತದೆ. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ತಪ್ಪಿಸಬಾರದೆನ್ನಲು ಇದೂ ಒಂದು ಕಾರಣ.

ಹಾಲಿಗೂ ಇದಕ್ಕೂ ಏನು ಸಂಬಂಧ? ಹಸು ತಿಂದ ವಿಷದ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಆರು ಭಾಗ, ರೂಪ ಬದಲಿಸಿ ಅಫ್ಲಾಟಾಕ್ಸಿನ್ ಎಂ1 ಎಂಬ ಹೆಸರಿನಲ್ಲಿ ಹಾಲಿಗೆ ಇಳಿಯುತ್ತದೆ. ಇದರ ಬಲ ಮೂಲ ವಿಷದ ಹತ್ತನೇ ಒಂದು ಪಾಲು ಎಂದು ಅಂದಾಜು. ಆದರೆ ಹಾಲನ್ನು ಹೆಚ್ಚು ಕುಡಿಯುವವರು ಮಕ್ಕಳು. ಕಾಯಿಸಿದರೂ, ಪಾಶ್ಚರೀಕರಣ ಮಾಡಿದರೂ ಇದು ನಾಶವಾಗುವುದಿಲ್ಲ. ಒಂದು ಲೀಟರ್ ಹಾಲಿನಲ್ಲಿ 0.5 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಕಾಯಿದೆ ಹೇಳುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರೋಗ್ರಾಂ.

ಒಂದು ಲೆಕ್ಕ ಹಾಕಿ ನೋಡೋಣ. ಪಶು ಆಹಾರದ ಕಿಲೋ ಒಂದಕ್ಕೆ 20 ಮೈಕ್ರೋಗ್ರಾಂಗಿಂತ ಹೆಚ್ಚು ಈ ವಿಷ ಇರಬಾರದೆಂದು ಭಾರತೀಯ ಮಾನಕ ನಿಗದಿ ಮಾಡಿದೆ. ಹತ್ತು ಲೀಟರ್ ಕರೆಯುವ ಹಸುವಿಗೆ ದಿನಕ್ಕೆ 4 ಕಿಲೋ ಅಂಥ ಆಹಾರ ಹಾಕಿದರೆ 80 ಮೈಕ್ರೋಗ್ರಾಂ ಹೊಟ್ಟೆಗೆ ಹೋಯಿತು. ನೂರಕ್ಕೆ ಎರಡರಂತೆ 1.6 ಹಾಲಿಗೆ ಬಂತು. ಲೀಟರಿಗೆ 0.16 ಆಯಿತು, ತೊಂದರೆಯಿಲ್ಲ. ಅದೇ 4 ಕಿಲೋ ಬೂಷ್ಟು ಹಿಡಿದು, ಕಿಲೋಗೆ 100 ಮೈಕ್ರೋಗ್ರಾಂ ವಿಷ ಸೇರಿದ್ದಾದರೆ ಲೀಟರಿಗೆ 0.8 ಆಗುತ್ತದೆ. ಆ ಹಾಲು ಕಾಯಿದೆಯ ಮಿತಿ ದಾಟಿತು. ಜಿಡ್ಡು, ಎಸ್‌ಎನ್‌ಎಫ್ ಎಲ್ಲವೂ ಸರಿಯಾಗಿಯೇ ಇರುತ್ತದೆ, ಸಂಘದ ಪರೀಕ್ಷಕರಿಗೆ ಯಾವ ವ್ಯತ್ಯಾಸವೂ ಕಾಣಿಸುವುದಿಲ್ಲ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 368ರಲ್ಲಿ, ಅಂದರೆ ಶೇಕಡ 5.7ರಲ್ಲಿ, ಈ ವಿಷ ಮಿತಿ ಮೀರಿತ್ತು. ನೀರು ಬೆರೆಸುವುದರ ಬಗ್ಗೆ ಎಷ್ಟು ಮಾತನಾಡುತ್ತೇವೆಯೋ ಅದರ ಕಾಲು ಭಾಗವನ್ನೂ ಇದರ ಬಗ್ಗೆ ಮಾತನಾಡುವುದಿಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ. ಮನುಷ್ಯರು ತಿನ್ನಲಾಗದ ಮುಗ್ಗಿದ ಜೋಳ, ಮಳೆಗೆ ಸಿಕ್ಕ ಕಡಲೆಕಾಯಿ, ಹಸಿರು ಹಿಡಿದ ಹಿಂಡಿ ಎಲ್ಲವೂ "ದನಕ್ಕೆ ಆಯಿತು ಬಿಡು" ಎಂದು ಕೊಟ್ಟಿಗೆಗೆ ಬರುತ್ತವೆ. ಕೆಟ್ಟ ಕಡಲೆ ಬೀಜವನ್ನು ಮಾರಿದರೂ ಅದು ಎಲ್ಲಿಗೂ ಹೋಗುವುದಿಲ್ಲ. ಗಾಣದಲ್ಲಿ ಎಣ್ಣೆ ಒಂದು ಕಡೆಗೆ ಹೋದರೆ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ಹಣ ಕೊಟ್ಟು ಮತ್ತೆ ನಿಮ್ಮ ಮನೆಗೇ ಬರುತ್ತದೆ, ಹಸುವಿನ ಹೊಟ್ಟೆಗೆ ಹೋಗುತ್ತದೆ, ಹಾಲಾಗಿ ಮೊಮ್ಮಗುವಿನ ಲೋಟಕ್ಕೆ ಬೀಳುತ್ತದೆ. ಹಸುವಿಗೂ ನಷ್ಟವೇ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕರುಗಳು ಸೊರಗುತ್ತವೆ.

ತಡೆಯುವ ಕ್ರಮ ಕಷ್ಟದ್ದೇನಲ್ಲ. ಕಡಲೆಕಾಯಿಯನ್ನು ಕಿತ್ತ ಮೇಲೆ ರಾಶಿ ಹಾಕಿ ಬೆವರಿಸದೆ, ಅಲ್ಲಾಡಿಸಿದರೆ ಗಲಗಲ ಎನ್ನುವವರೆಗೆ ಒಣಗಿಸಿ. ಗುದ್ದಲಿ ತಾಗಿ ಒಡೆದ ಕಾಯಿ, ಸುರುಟಿದ ಬೀಜಗಳನ್ನು ಬೇರೆ ಮಾಡಿ, ಬೂಷ್ಟು ಮೊದಲು ಹಿಡಿಯುವುದು ಅವಕ್ಕೇ. ಜೋಳ ಹಲ್ಲಿನಲ್ಲಿ ಕಡಿದರೆ ಟಕ್ ಎಂದು ಒಡೆಯಬೇಕು. ಹಿಂಡಿ, ಬೂಸಾ, ಪಶು ಆಹಾರದ ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಹಳೆಯ ಮೂಟೆ ಮುಗಿಯದೆ ಹೊಸದನ್ನು ಬಿಚ್ಚಬೇಡಿ. ಬೂಷ್ಟು ಕಂಡರೆ ಆ ಭಾಗವನ್ನು ಕೆರೆದು ಉಳಿದದ್ದನ್ನು ಹಾಕುವುದಾಗಲಿ, ಬಿಸಿಲಿಗೆ ಹರವಿ ಹಾಕುವುದಾಗಲಿ, ಬೇಯಿಸಿ ಹಾಕುವುದಾಗಲಿ ಪ್ರಯೋಜನವಿಲ್ಲ. ಬೂಷ್ಟು ಸತ್ತರೂ ವಿಷ ಸಾಯುವುದಿಲ್ಲ. ಒಳ್ಳೆಯದರ ಜೊತೆ ಬೆರೆಸಿದರೆ ಒಳ್ಳೆಯದೂ ಕೆಡುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ಸಮಾಧಾನದ ಸಂಗತಿಯೆಂದರೆ, ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲೇ ಹಾಲು ಶುದ್ಧವಾಗುತ್ತದೆ.

ಹಾಲಿನಿಂದಲೇ ಕ್ಯಾನ್ಸರ್ ಬರುತ್ತದೆಯೇ?

ಮೊಬೈಲಿನಲ್ಲಿ ಹರಿದಾಡಿದ ಒಂದು ಸುದ್ದಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಕಲಬೆರಕೆ ಹಾಲಿನಿಂದ 2025ರೊಳಗೆ ನೂರಕ್ಕೆ 87 ಮಂದಿ ಭಾರತೀಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ ಎಂಬುದು ಆ ಸುದ್ದಿ. ಅಂಥ ಎಚ್ಚರಿಕೆಯನ್ನು ಆ ಸಂಸ್ಥೆ ಕೊಟ್ಟೇ ಇಲ್ಲವೆಂದು ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ 2023ರಲ್ಲಿ ಸ್ಪಷ್ಟಪಡಿಸಿತು. ಸುಳ್ಳು ಸುದ್ದಿಗೆ ಹಾಲು ಉತ್ಪಾದಕರೇ ಹೆದರಿದರೆ ಪೇಟೆಯವರನ್ನು ನಂಬಿಸುವವರು ಯಾರು?

ಇದಕ್ಕೆ ವಿರುದ್ಧವಾದ ಸಾಕ್ಷಿಯೇ ಬಲವಾಗಿದೆ. ಬ್ರಿಟನ್ನಿನ ಐದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಹದಿನಾರು ವರ್ಷ ಗಮನಿಸಿದ ಅಧ್ಯಯನವೊಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಒಂದು ದೊಡ್ಡ ಲೋಟ ಹಾಲಿನಲ್ಲಿರುವಷ್ಟು ಸುಣ್ಣದಂಶವನ್ನು ದಿನವೂ ಹೆಚ್ಚಾಗಿ ಪಡೆದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಶೇಕಡ 17ರಷ್ಟು ಕಡಿಮೆ ಇತ್ತು. ಹಾಲು ಔಷಧಿ ಎಂದು ಇದರ ಅರ್ಥವಲ್ಲ. ಆದರೆ ಕರೆದದ್ದನ್ನೆಲ್ಲ ಕ್ಯಾನಿಗೆ ಸುರಿದು ಮನೆಯ ಮಕ್ಕಳಿಗೆ ಬರಿಯ ಟೀ ಕೊಡುವ ಮನೆಗಳು ನಮ್ಮಲ್ಲಿ ಇವೆ. ಅವರು ಅರ್ಧ ಲೀಟರ್ ಉಳಿಸಿಕೊಂಡು ಡೇರಿಗೆ ಹಾಕಿದರೆ ಒಕ್ಕೂಟಕ್ಕೆ ಬೇಸರವೇನೂ ಇಲ್ಲ.

ಉಳಿದ ಕೆಲವು ಅಂಶಗಳು

ಮದ್ಯವು ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಹೆಂಗಸರಲ್ಲಿ ಸ್ತನ, ಇಷ್ಟು ಕಡೆ ಕ್ಯಾನ್ಸರ್ ತರುತ್ತದೆ. ಸಾರಾಯಿ 2007ರಲ್ಲಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿತ ಮತ್ತು ಹೊಗೆಸೊಪ್ಪು ಎರಡೂ ಇದ್ದವರ ಬಾಯಿ, ಗಂಟಲಿಗೆ ಒಂದೊಂದೇ ಇದ್ದವರಿಗಿಂತ ಬಹಳ ಹೆಚ್ಚು ಅಪಾಯ.

ರಾಗಿ, ಜೋಳ, ಕಾಳು, ಸೊಪ್ಪುಗಳ ನಾರು ಕರುಳಿಗೆ ಒಳ್ಳೆಯದು. ಹಿರಿಯರ ಊಟ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು. ಬೇಕರಿ ತಿಂಡಿ, ಬಾಟಲಿ ಪಾನೀಯಗಳಿಂದ ಬೊಜ್ಜು ಬರುತ್ತದೆ. ಬೊಜ್ಜಿಗೂ ಹದಿಮೂರು ಬಗೆಯ ಕ್ಯಾನ್ಸರ್‌ಗಳಿಗೂ ಸಂಬಂಧವಿದೆ ಎಂದು 2016ರಲ್ಲಿ ಮೇಲೆ ಹೇಳಿದ ಸಂಶೋಧನಾ ಸಂಸ್ಥೆಯೇ ತಿಳಿಸಿದೆ. ಬಾಯಿ ಸುಡುವಷ್ಟು ಬಿಸಿ ಚಹಾ ಕುಡಿಯುವುದು ಅನ್ನನಾಳಕ್ಕೆ ಒಳ್ಳೆಯದಲ್ಲ, ಎರಡು ನಿಮಿಷ ಕಾಯಿರಿ. ಸೌದೆ ಒಲೆಯ ಹೊಗೆ ತಾಯಂದಿರ ಶ್ವಾಸಕೋಶಕ್ಕೆ ಕೇಡು. ನಾಲ್ಕು ದನ ಇರುವ ಮನೆಗೆ ಗೋಬರ್ ಗ್ಯಾಸ್ ಇಲ್ಲದಿರುವುದು ಏಕೆ ಎಂಬುದು ನನಗೆ ಅರ್ಥವಾಗದ ವಿಷಯ. ಮಗುವಿಗೆ ವರ್ಷ ತುಂಬುವವರೆಗಾದರೂ ಎದೆಹಾಲು ಉಣಿಸಿದ ತಾಯಂದಿರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಕಡಿಮೆ.

ಎಲ್ಲ ಕ್ಯಾನ್ಸರೂ ಊಟದಿಂದ, ಚಟದಿಂದ ಬರುವುದಲ್ಲ ಎಂಬುದನ್ನೂ ಹೇಳಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣ ಒಂದು ವೈರಸ್. ಅದಕ್ಕೆ ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಹಾಕಿಸುವ ಲಸಿಕೆ ಇದೆ. ಯಾವ ಚಟವೂ ಇಲ್ಲದವರಿಗೂ ರೋಗ ಬರುತ್ತದೆ. ಅಂಥವರ ಮನೆಗೆ ಹೋಗಿ "ಏನು ತಿಂದಿದ್ದಿರಿ" ಎಂದು ವಿಚಾರಣೆ ಮಾಡಬೇಡಿ.

ಎಲ್ಲಿ ತೋರಿಸಬೇಕು?

30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಸೇರಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಅನುಮಾನ ಬಂದರೆ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಚೀಟಿ ಪಡೆದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ಹೋಗಬಹುದು. ಕಲಬುರಗಿಯಲ್ಲೂ ಅದರ ಕೇಂದ್ರವಿದೆ. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆಯಲ್ಲಿ ಯಾವ ಚಿಕಿತ್ಸೆಗಳು ಸೇರಿವೆ, ನೋಂದಣಿ ಯಾವಾಗ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ಆಸ್ಪತ್ರೆಗೆ ಹೊರಡುವಾಗ ಪಡಿತರ ಚೀಟಿ, ಆಧಾರ್ ಮತ್ತು ತಾಲ್ಲೂಕು ಆಸ್ಪತ್ರೆಯ ಚೀಟಿಯ ಮೂಲಪ್ರತಿಗಳನ್ನು ಜೊತೆಯಲ್ಲಿಟ್ಟುಕೊಳ್ಳಿ.